ದಕ್ಷಿಣದ ಗಾಳಿಗೆ ಸಿಕ್ಕ ಮರಿಗಳು

ಆ ಬುಧವಾರ ಬೆಳಿಗ್ಗೆ ಐದೂವರೆಗೆ ನಾನು ಕಳಿಸಿದ್ದು ಒಂದೇ ಪದದ ಮೆಸೇಜು: 'ಹೋಗಬಹುದು.' ಸ್ಯಾನ್ ಮಟಿಯೋದ ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ ನಿಂತಿದ್ದೆ. ಒಲೆಯ ಮೇಲೆ ಹಾಲು ಉಕ್ಕುವುದರಲ್ಲಿತ್ತು, ಎಡಗೈಯಲ್ಲಿ ಫೋನಿತ್ತು. ಫೋನಿನ ನಕ್ಷೆಯಲ್ಲಿ ಮೂರು ಹಸಿರು ಚುಕ್ಕೆಗಳು, ಮೂರೂ ಕರಾವಳಿಯಿಂದ ನಲವತ್ತು ಕಿಲೋಮೀಟರ್ ಆಚೆ, ಇರಬೇಕಾದ ಜಾಗದಲ್ಲೇ. ಮೆಸೇಜು ಕಳಿಸಿ ಹಾಲು ಇಳಿಸಿದೆ. ಉಕ್ಕುವ ಮೊದಲೇ ಇಳಿಸಿದೆನೆಂದು ಬೆನ್ನು ತಟ್ಟಿಕೊಂಡದ್ದೂ ನೆನಪಿದೆ.

ಚುಕ್ಕೆಗಳೆಂದರೆ ಸೀಲ್ ಎಂಬ ಕಡಲಪ್ರಾಣಿಯ ಮರಿಗಳು. ಫರ್ ಸೀಲ್ ಎಂಬ ಜಾತಿ. ದಟ್ಟ ತುಪ್ಪಳ, ಮುಖಕ್ಕೆ ಮೀರಿದ ಕಣ್ಣು, ಮಡಚಿಟ್ಟ ಕಾಗದದಂಥ ಪುಟ್ಟ ಕಿವಿ. ಸ್ಯಾನ್ ಫ್ರಾನ್ಸಿಸ್ಕೋದ ಎದುರಿನ ಬಂಡೆ ದ್ವೀಪಗಳಲ್ಲಿ ಬೇಸಿಗೆಯಲ್ಲಿ ಹುಟ್ಟುತ್ತವೆ. ನಾಲ್ಕು ತಿಂಗಳಿಗೆ ತಾಯಿ ಹಾಲು ಬಿಡಿಸಿ ತನ್ನ ಪಾಡಿಗೆ ಹೊರಟುಹೋಗುತ್ತದೆ. ಮರಿ ಒಂಟಿಯಾಗಿ ಕಡಲಿಗೆ ಇಳಿಯಬೇಕು, ದಾರಿ ತೋರಿಸುವವರಿಲ್ಲ, ಚಳಿಗಾಲವಿಡೀ ನೆಲ ಮುಟ್ಟದೆ ನೀರಿನಲ್ಲೇ ಬದುಕಬೇಕು. ಕೆಲವು ಹಸಿದು ದಡಕ್ಕೆ ಬೀಳುತ್ತವೆ. ಒಂದು ವರ್ಷ ಗ್ರೋಸರಿ ಅಂಗಡಿಯ ಪಾರ್ಕಿಂಗ್‌ನಲ್ಲಿ ತಳ್ಳುಗಾಡಿಗಳ ಮಧ್ಯೆ ಒಂದು ಸಿಕ್ಕಿತ್ತು. ಇಂಥವನ್ನು ನೋಡಿಕೊಳ್ಳುವ ಸಣ್ಣ ಆಸ್ಪತ್ರೆಯೊಂದು ಹಾಫ್ ಮೂನ್ ಬೇ ಬಂದರಿನ ಮೇಲಿನ ದಿಬ್ಬದಲ್ಲಿದೆ. ಮೀನು ತಿನ್ನಿಸಿ, ತೂಕ ಎಂಟು ಕಿಲೋ ದಾಟಿದ ಮೇಲೆ ಬೋಟಿನಲ್ಲಿ ಹೊರಗೊಯ್ದು ಬಿಡುತ್ತಾರೆ. ಬಿಡುವ ಮೊದಲು ಬೆನ್ನಿನ ತುಪ್ಪಳಕ್ಕೆ ಬೆಂಕಿಪೊಟ್ಟಣದಷ್ಟು ದೊಡ್ಡ ಟ್ಯಾಗ್ ಅಂಟಿಸುವುದು, ಆಮೇಲೆ ಅದು ಉಪಗ್ರಹದ ಮೂಲಕ ಹೇಳಿದ್ದನ್ನು ನಕ್ಷೆಗೆ ತರುವುದು ನನ್ನ ಕೆಲಸ. ಬೋಟು ಹೊರಡಬೇಕಾದರೆ ಡಾಕ್ಟರ ಸಹಿ ಬೇಕು, ಡಾಕ್ಟರು ಸಹಿ ಹಾಕಬೇಕಾದರೆ ನನ್ನ 'ಹೋಗಬಹುದು' ಬೇಕು.

ಈ ಮರಿಗಳ ಹಣೆಬರಹ ಬರೆಯುವುದು ಗಾಳಿ. ದೊಡ್ಡ ಸೀಲು ಗಾಳಿಗೆ ಕ್ಯಾರೇ ಅನ್ನುವುದಿಲ್ಲ, ಆಳಕ್ಕೆ ಮುಳುಗಿ ತನ್ನ ದಾರಿ ಹಿಡಿಯುತ್ತದೆ. ಮರಿಗೆ ಅಷ್ಟು ಉಸಿರಿಲ್ಲ. ಅದು ಮೇಲ್ನೀರಿನಲ್ಲೇ ಇರುತ್ತದೆ, ದಣಿದಾಗ ಈಜುಗಾಲುಗಳನ್ನು ಜೋಡಿಸಿ ಹೂಜಿಯ ಹಿಡಿಕೆಯ ಹಾಗೆ ಮೇಲೆತ್ತಿಕೊಂಡು ತೇಲುತ್ತಲೇ ನಿದ್ದೆ ಮಾಡುತ್ತದೆ. ಗಾಳಿ ಮೇಲ್ನೀರನ್ನು ನೇರವಾಗಿ ತಳ್ಳುವುದಿಲ್ಲ. ಭೂಮಿ ತಿರುಗುವುದರಿಂದ ನಮ್ಮ ಕಡೆ ನೀರು ಗಾಳಿಯ ಬಲಕ್ಕೆ ವಾಲಿ ಹರಿಯುತ್ತದೆ. ವಾಯವ್ಯದಿಂದ ಗಾಳಿ ಬೀಸಿದರೆ ಮರಿ ಹೊರಗಡಲಿಗೆ, ಮೀನಿರುವ ಕಡೆಗೆ ಹೋಗುತ್ತದೆ. ದಕ್ಷಿಣದಿಂದ ಬೀಸಿದರೆ ದಡಕ್ಕೆ, ಬಂಡೆಗೆ. ಬಿರುಗಾಳಿಗೆ ಮುಂಚೆ ಇಲ್ಲಿ ಬೀಸುವುದು ದಕ್ಷಿಣದ ಗಾಳಿಯೇ.

ಆ ನವೆಂಬರಿನಲ್ಲಿ ಬಿಡಲು ಸಿದ್ಧವಾಗಿದ್ದ ಮರಿಗಳು ಹದಿಮೂರು. ಶನಿವಾರ ದೊಡ್ಡ ಬಿರುಗಾಳಿ ಬರುತ್ತದೆ, ಅಲ್ಲಿಯವರೆಗೆ ತೊಂದರೆಯಿಲ್ಲ ಎಂದು ಹವಾಮಾನದವರು ಹೇಳಿದ್ದರು. ಸೋಮವಾರ ಮೂರು, ಬುಧವಾರ ಮೂರು, ಶುಕ್ರವಾರ ಏಳು ಎಂದು ಡಾಕ್ಟರು ಹಂಚಿಕೊಂಡರು. ಪ್ರತಿ ಸಲವೂ ಹಿಂದೆ ಬಿಟ್ಟ ಮರಿಗಳು ಹೊರಗೇ ಉಳಿದಿವೆಯೇ ನೋಡಿ ನಾನು ಒಪ್ಪಿಗೆ ಕೊಡಬೇಕು. ಹೊರಗಡಲಿನಲ್ಲಿ ಗಾಳಿ ಅಳೆಯುವ ತೇಲುಯಂತ್ರ ಕೆಟ್ಟು ವಾರವಾಗಿತ್ತು. ಆದರೇನಂತೆ, ನನ್ನ ನಕ್ಷೆ ಇದೆಯಲ್ಲ ಅಂದುಕೊಂಡಿದ್ದೆ.

ಬುಧವಾರ ಏಳು ಗಂಟೆಗೆ ಬಂದರಿಗೆ ಹೋದಾಗ ಮಂಜು ಕವಿದಿತ್ತು, ಗಾಳಿ ಒಂದು ಚೂರೂ ಇರಲಿಲ್ಲ. ಜೊತೆಗೆ ಕಾಕಾ ಇದ್ದರು. ಕಾಕಾ ನನ್ನ ಸಂಬಂಧಿಕರಲ್ಲ. ಹುಬ್ಬಳ್ಳಿಯವರು, ರೈಲ್ವೆಯ ಸಿಗ್ನಲ್ ಖಾತೆಯಿಂದ ನಿವೃತ್ತರಾಗಿ ಡ್ಯಾನ್‌ವಿಲ್‌ನ ಮಗಳ ಮನೆಗೆ ಬಂದವರು. ಕನ್ನಡ ಕೂಟದ ಪಿಕ್ನಿಕ್ಕಿನಲ್ಲಿ ಮಗಳು, "ಅಪ್ಪಾಗ ಮನ್ಯಾಗ ಕುಂತು ಬ್ಯಾಸರಾಗೇತ್ರಿ, ಏನಾರ ಕೆಲಸ ಇದ್ರ ಹೇಳ್ರಿ" ಎಂದಿದ್ದರು. ನಾನು ಆಸ್ಪತ್ರೆಗೆ ಕರೆತಂದೆ. ವಾರಕ್ಕೆ ಎರಡು ದಿನ ರೈಲು ಹಿಡಿದು ಬರುತ್ತಾರೆ, ಸ್ಟೇಷನ್ನಿನಿಂದ ನಾನು ಕರೆದೊಯ್ಯುತ್ತೇನೆ. ಮರಿಗಳು ಮನುಷ್ಯರ ದನಿಗೆ ಒಗ್ಗಿಕೊಳ್ಳಬಾರದೆಂದು ಅಲ್ಲಿ ಅವುಗಳ ಮುಂದೆ ಯಾರೂ ಮಾತಾಡುವಂತಿಲ್ಲ. ಕಾರಿನಲ್ಲಿ ನನ್ನ ತಲೆ ತಿನ್ನುವ ಕಾಕಾ ಅಲ್ಲಿ ಮಾತ್ರ ಎರಡು ತಾಸು ತುಟಿ ಬಿಚ್ಚದೆ ಮೀನು ಕೊಡುತ್ತಿದ್ದರು.

ಅಂದು ಹೊರಟ ಮೂರರಲ್ಲಿ ಒಂದು ಕಾಕಾ ನೋಡಿಕೊಂಡ ಮರಿ. ಉಳಿದವು ಮೀನಿಗೆ ಮೈಮೇಲೆ ಬಿದ್ದರೆ ಅದು ಮಾತ್ರ ಮೂಲೆಯಲ್ಲಿ ಕತ್ತೆತ್ತಿ ಕೂತು, ತಂದು ಬಾಯಿಗಿಡಲಿ ಎಂದು ಕಾಯುತ್ತಿತ್ತು. ಕಾಕಾ ಅದಕ್ಕೆ ಸಾವ್ಕಾರ ಎಂದು ಹೆಸರಿಟ್ಟಿದ್ದರು.

"ಸಾವ್ಕಾರ್ರು ಹೊಂಟ್ರು ನೋಡವಾ," ಎಂದರು ಪೆಟ್ಟಿಗೆಯನ್ನು ಬೋಟಿನೊಳಗೆ ದಾಟಿಸಿ, ಮರಿಗಳಿಗೆ ಕೇಳದಷ್ಟು ದೂರ ಬಂದ ಮೇಲೆ. "ಆರು ವಾರ ಆತು, ಅದರ ಕೂಡ ಒಂದ್ ಮಾತು ಆಡಲಿಲ್ಲ. ನಮ್ಮ ಮನ್ಯಾಕಿ ಕೇಳಿದ್ರ ನಂಬೂದಿಲ್ಲ."

ಕಾಕಾ ಕಟ್ಟೆಯ ಮೇಲೆಯೇ ಉಳಿದರು, ನಾನು ಬೋಟು ಹತ್ತಿದೆ. ಬೋಟಿನ ಕ್ಯಾಪ್ಟನ್ ಈ ಬಂದರಿನ ಹಳೆಯ ಮೀನುಗಾರರ ಮನೆತನದವನು, ಮಾತು ಕಡಿಮೆ. ಎರಡು ಗಂಟೆ ಹೊರಗೆ ಹೋದ ಮೇಲೆ ಎಂಜಿನ್ನಿನ ವೇಗ ಇಳಿಸಿ ನನ್ನನ್ನು ಕರೆದ. ಎಡಗಡೆಯಿಂದ ಉದ್ದುದ್ದ ಅಲೆಗಳು ಬರುತ್ತಿದ್ದವು, ಕೆನ್ನೆಗೆ ಬೆಚ್ಚನೆಯ ಗಾಳಿ ತಾಗುತ್ತಿತ್ತು.

"ಇದು ದಕ್ಷಿಣದ್ದು," ಎಂದ ಅವನು ಇಂಗ್ಲಿಷಿನಲ್ಲಿ. "ಇದು ಇಷ್ಟು ಬೇಗ ಬರಬಾರದು. ನನಗೆ ಹಿಡಿಸ್ತಾ ಇಲ್ಲ."

ನಾನು ಫೋನು ತೆಗೆದು ಬೆಳಿಗ್ಗೆ ಉಳಿಸಿಕೊಂಡ ನಕ್ಷೆ ತೋರಿಸಿದೆ. ಸೋಮವಾರದ ಮೂರೂ ಹೊರಗೇ ಇವೆ, ಗಾಳಿ ಎಳೆದಿದ್ದರೆ ಇವು ಅಲ್ಲಾಡಬೇಕಿತ್ತಲ್ಲ ಎಂದೆ. ಅವನು ಫೋನನ್ನು ನೋಡಿದ, ನೀರನ್ನು ನೋಡಿದ, ಭುಜ ಕುಣಿಸಿದ. ಪೆಟ್ಟಿಗೆಗಳ ಬಾಗಿಲು ತೆಗೆದೆವು. ಎರಡು ಮರಿ ದಡಬಡನೆ ನೀರಿಗೆ ಬಿದ್ದವು. ಸಾವ್ಕಾರ ಅಂಚಿಗೆ ಬಂದು ಮೂಗೆತ್ತಿ ಗಾಳಿ ಮೂಸಿತು, ಮತ್ತೆ ಒಳಗೆ ಹೋಗಿ ಕೂತಿತು. ನಾನೇ ಪೆಟ್ಟಿಗೆಯ ಹಿಂಭಾಗ ಎತ್ತಿ ವಾಲಿಸಿದೆ.

ಮಾರನೆಯ ದಿನ ಗುರುವಾರ. ಆಸ್ಪತ್ರೆಯಲ್ಲಿ ನನ್ನ ಮೇಜು ಇರುವುದು ಮೀನಿನ ಕೋಣೆಯ ಮೂಲೆಯಲ್ಲಿ. ಪಕ್ಕದಲ್ಲೇ ಹೆಪ್ಪುಗಟ್ಟಿದ ಮೀನು ಕರಗಿಸುವ ತೊಟ್ಟಿ. ಮಧ್ಯಾಹ್ನ ಕಾಕಾ ಮೀನು ತುಂಬಿದ ಬಕೆಟ್ಟು ಕೆಳಗಿಟ್ಟು ನನ್ನ ಹೆಗಲ ಮೇಲಿಂದ ಇಣುಕಿದರು.

"ಎಲ್ಲಿ ಅದಾನ ನಮ್ಮ ಸಾವ್ಕಾರ?"

"ಇಲ್ಲೇ ನೋಡಿ ಕಾಕಾ. ಬಿಟ್ಟ ಜಾಗದಲ್ಲೇ ಇದ್ದಾನೆ."

"ಬಿಟ್ಟಲ್ಲೇನ? ನಿನ್ನಿಯಿಂದ? ಏನು, ಕುರ್ಚಿ ಹಾಕ್ಕೊಂಡ ಕುಂತಾನೇನ ನೀರಾಗ?"

ನಗು ಬಂತು. ಅವರು ನಗಲಿಲ್ಲ. ಬೆರಳನ್ನು ಪರದೆಗೆ ತಾಗಿಸದೆ ಚುಕ್ಕೆಯ ಹತ್ತಿರ ಹಿಡಿದರು.

"ಈ ದೀಪ ಈಗಿಂದೋ ನಿನ್ನಿದೋ?"

"ನಿನ್ನೆದು. ಹೊಸ ಸಿಗ್ನಲ್ ಬರೋ ತನಕ ಹಳೇದನ್ನೇ ತೋರಿಸುತ್ತೆ, ಎರಡು ದಿನ."

"ಹಳೇದನ್ನ ಹಸರಾಗ ತೋರಿಸ್ತೈತೇನ?"

ಇದಕ್ಕೆ ಕಾರಣ ಸ್ವತಃ ಕಾಕಾನೇ. ಹಿಂದಿನ ವರ್ಷ ಸಿಗ್ನಲ್ ತಪ್ಪಿದ ಕೂಡಲೇ ಚುಕ್ಕೆ ಮಾಯವಾಗುತ್ತಿತ್ತು. ಆಗೆಲ್ಲ ಸ್ವಯಂಸೇವಕರು ಗಾಬರಿಯಾಗಿ ಫೋನು ಮಾಡುತ್ತಿದ್ದರು, ನನ್ನ ಮರಿ ಸತ್ತಿತಾ ಎಂದು. ಎಲ್ಲರಿಗಿಂತ ಹೆಚ್ಚು ಮಾಡುತ್ತಿದ್ದವರು ಕಾಕಾ, ಒಮ್ಮೆ ನಾನು ನನ್ನ ಮಗಳ ಡೇಕೇರಿನ ಬಾಗಿಲಲ್ಲಿರುವಾಗ ಮೂರು ಸಲ. ತಲೆಬಿಸಿ ತಾಳಲಾರದೆ ಕೊನೆಯ ಜಾಗವನ್ನೇ ಎರಡು ದಿನ ಹಸಿರಾಗಿ ಇಡುವಂತೆ ಪ್ರೋಗ್ರಾಮು ಬದಲಾಯಿಸಿದೆ. ಫೋನುಗಳು ನಿಂತವು. ಎಲ್ಲರಿಗೂ ನೆಮ್ಮದಿಯಾಯಿತು. ಬೋಟು ಬಿಡಲು ನಾನು ನೋಡುವುದೂ ಅದೇ ನಕ್ಷೆಯನ್ನೇ ಎಂಬುದನ್ನು ಯೋಚಿಸಿರಲಿಲ್ಲ.

ಅದನ್ನೆಲ್ಲ ಹೇಳಿದೆ. ಕಾಕಾ ರಬ್ಬರಿನ ಕೈಗವಸು ಒಂದೊಂದಾಗಿ ಬಿಚ್ಚಿದರು.

"ಯವ್ವಾ, ನಾ ಮೂವತ್ನಾಕು ವರ್ಷ ಸಿಗ್ನಲ್ ಖಾತೇದಾಗ ದುಡದೀನಿ. ಮೊದಲ ದಿನ ಕಲಿಸೂದು ಒಂದ. ದೀಪ ಆರಿದ ಸಿಗ್ನಲ್ಲು ಅಂದ್ರ ಕೆಂಪು. ಡ್ರೈವರ್ ಗಾಡಿ ನಿಲ್ಲಸಬೇಕು. ಹಿಂದಿನ ಗಾಡಿಗೆ ಹಸರಿತ್ತು ಅಂತ ಹೋಗಂಗಿಲ್ಲ."

ಬೈದದ್ದಲ್ಲ, ಗೊತ್ತಿಲ್ಲದವರಿಗೆ ಹೇಳಿಕೊಡುವ ದನಿ. ಬಕೆಟ್ಟು ಎತ್ತಿಕೊಂಡು ಮರಿಗಳ ಕಡೆಗೆ ಹೋದರು. ನಾನು ಕುರ್ಚಿ ಪರದೆಯ ಹತ್ತಿರಕ್ಕೆ ಎಳೆದುಕೊಂಡೆ.

ಉಪಗ್ರಹದಿಂದ ಬಂದದ್ದೆಲ್ಲ ನಕ್ಷೆಗೆ ಬರುವುದಿಲ್ಲ. ನಡುವೆ ನಾನು ಇಟ್ಟ ಎರಡು ಜರಡಿಗಳಿವೆ. ಟ್ಯಾಗ್ ನೀರಿನಿಂದ ಮೇಲೆ ಬಂದಾಗ ಮಾತ್ರ ಸಿಗ್ನಲ್ ಕಳಿಸುತ್ತದೆ. ಮರಿ ಆರಾಮವಾಗಿ ತೇಲುತ್ತಿದ್ದರೆ ನಾಲ್ಕೈದು ಸಿಗ್ನಲ್ ಸಿಕ್ಕಿ ಜಾಗ ನಿಖರವಾಗಿ ತಿಳಿಯುತ್ತದೆ, ಒಂದೋ ಎರಡೋ ಸಿಕ್ಕರೆ ಹತ್ತು ಕಿಲೋಮೀಟರ್ ಆಚೀಚೆ ಆಗಬಹುದು. ಅಂಥ ಕಳಪೆ ದರ್ಜೆಯವನ್ನು ಮೊದಲ ಜರಡಿ ಎಸೆಯುತ್ತದೆ. ಇಷ್ಟು ಸಣ್ಣ ಮರಿ ಗಂಟೆಗೆ ಆರು ಕಿಲೋಮೀಟರಿಗಿಂತ ವೇಗವಾಗಿ ಹೋಗಲಾರದೆಂದು, ಹಾಗೆ ತೋರಿಸಿದ್ದನ್ನು ಎರಡನೆಯ ಜರಡಿ ಎಸೆಯುತ್ತದೆ. ಎರಡೂ ವರ್ಷಗಟ್ಟಲೆ ಚೆನ್ನಾಗಿ ಕೆಲಸ ಮಾಡಿದ್ದವು, ತಿಳಿಗಡಲಿನಲ್ಲಿ.

ಜರಡಿ ತೆಗೆದು, ಎಸೆದದ್ದನ್ನೆಲ್ಲ ತೆರೆದು ನೋಡಿದೆ. ಸೋಮವಾರದ ಮೂರು ಮರಿಗಳಿಂದ ಸಿಗ್ನಲ್ ಬರುತ್ತಲೇ ಇತ್ತು. ಎಲ್ಲ ಕಳಪೆ ದರ್ಜೆ, ಏಕೆಂದರೆ ಅಲೆ ಮೇಲಿಂದ ಮೇಲೆ ಬಡಿದು ಟ್ಯಾಗಿಗೆ ನೀರಿನಿಂದ ಮೇಲೆ ಉಳಿಯಲು ಬಿಟ್ಟಿರಲಿಲ್ಲ. ಕೆಲವು ಅತಿ ವೇಗ, ಏಕೆಂದರೆ ಜಾಗದ ಅಳತೆ ಆಚೀಚೆ ಜಿಗಿದಾಗ ಮರಿಯೇ ಅಷ್ಟು ದೂರ ಓಡಿದಂತೆ ಲೆಕ್ಕ ಬರುತ್ತಿತ್ತು. ನಿಜಕ್ಕೂ ಅವು ಈಜುತ್ತಿರಲಿಲ್ಲ, ಗಾಳಿ ಅವನ್ನು ಮೆಲ್ಲಗೆ ಒಯ್ಯುತ್ತಿತ್ತು. ಒಂದೊಂದೇ ಚುಕ್ಕೆ ಇಟ್ಟಂತೆ ಮೂರು ಗೆರೆ ಮೂಡಿದವು. ಮೂರೂ ಈಶಾನ್ಯಕ್ಕೆ, ದಡದ ಕಡೆಗೆ. ಹೊರಗೆ ಕಡಲು ಕೆಟ್ಟಷ್ಟೂ ನನ್ನ ನಕ್ಷೆ ಶಾಂತವಾಗುತ್ತಿತ್ತು. ಸಾವ್ಕಾರನಿಂದ ಬಂದದ್ದು ಎರಡೇ ಎರಡು, ಅವೂ ಅದೇ ದಿಕ್ಕಿಗೆ.

ಆಮೇಲೆ ಒಂದು ಹೊತ್ತು ಕಣ್ಣಿಗೆ ಬಿತ್ತು. ಮಂಗಳವಾರ ಸಂಜೆ ಐದು ಹತ್ತು. ಜರಡಿ ಸಿಗ್ನಲ್ ಎಸೆಯಲು ಶುರುಮಾಡಿದ್ದು ಆಗ. ನಾನು 'ಹೋಗಬಹುದು' ಎಂದದ್ದು ಅದಾಗಿ ಹನ್ನೆರಡು ಗಂಟೆಯ ಮೇಲೆ. ಪಾರ್ಕಿಂಗಿಗೆ ಹೋಗಿ ಗಂಡನಿಗೆ ಫೋನು ಮಾಡಿದೆ. ಅವನು ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಎರಡು ಮೀಟಿಂಗುಗಳ ನಡುವೆ ಇದ್ದ.

"ಫ್ರೈಡೇ ಬೋಟ್ ನಿಲ್ಸು. ಅದು ಕ್ಲಿಯರ್," ಎಂದ. "ಆದ್ರೆ ಟ್ಯೂಸ್‌ಡೇ ವಿಷಯ ಈಗ ಯಾಕೆ ಎತ್ತೋಕೆ ಹೋಗ್ತೀಯಾ? ಮ್ಯಾಪೇ ರಾಂಗ್ ಇತ್ತು ಅಂದ್ರೆ ಇವತ್ತು ನೀನು ಹೇಳೋದನ್ನೂ ಯಾರೂ ನಂಬಲ್ಲ. ಏಳು ಮರಿ ಉಳೀಬೇಕು ತಾನೆ? ಅಷ್ಟು ಹೇಳು, ಸಾಕು."

ಅವನ ಮಾತಿನಲ್ಲಿ ಅರ್ಥವಿತ್ತು. ಅದಕ್ಕಿಂತ ಹೆಚ್ಚಾಗಿ, ನನಗೆ ಆ ಮಾತು ಬೇಕಾಗಿತ್ತು.

ನಾಲ್ಕು ಗಂಟೆಗೆ ಡಾಕ್ಟರ ಕೋಣೆಯಲ್ಲಿ ಸೇರಿದೆವು. ಡಾಕ್ಟರು ಅರವತ್ತು ದಾಟಿದ ಹೆಂಗಸು. ಕ್ಯಾಪ್ಟನ್ ಬಾಗಿಲಿಗೊರಗಿ ನಿಂತಿದ್ದ. ಶನಿವಾರದ ಬಿರುಗಾಳಿಗೆ ಹಸಿದ ಮರಿಗಳು ದಡಕ್ಕೆ ಬೀಳುವುದು ಖಂಡಿತ, ಅವಕ್ಕೆ ತೊಟ್ಟಿ ಬೇಕು, ಅದಕ್ಕೇ ಈ ಏಳು ನಾಳೆ ಹೊರಡಲೇಬೇಕು ಎಂದರು ಡಾಕ್ಟರು. ನಾನು ಹೊಸ ಗೆರೆಗಳನ್ನು ಮುಂದಿಟ್ಟೆ.

"ಇವೆಲ್ಲ ಕಳಪೆ ದರ್ಜೆಯವು. ಇವನ್ನು ನಂಬಬೇಡಿ ಅಂತ ನನಗೆ ಕಲಿಸಿದವಳು ನೀನೇ," ಎಂದರು ಅವರು. "ಮರಿಗಳು ದಡಕ್ಕೆ ಬರ್ತಿರೋದು ಖಚಿತವಾ?"

"ಖಚಿತ ಇಲ್ಲ. ಖಚಿತ ಇಲ್ಲದಿದ್ದರೆ ನಿಲ್ಲಿಸಬೇಕು. ನಾನು ನಾಳೆಗೆ ಒಪ್ಪಿಗೆ ಕೊಡಲ್ಲ."

"ನಕ್ಷೆ ಯಾವಾಗಿನಿಂದ ಸರಿಯಿಲ್ಲ?"

ಕ್ಯಾಪ್ಟನ್ ನನ್ನನ್ನೇ ನೋಡುತ್ತಿದ್ದ. "ನಿನ್ನೆ ರಾತ್ರಿಯಿಂದ," ಎಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯವಾಯಿತು. ಡಾಕ್ಟರು ತುಂಬ ಹೊತ್ತು ಕನ್ನಡಕ ಒರೆಸಿ, ಶುಕ್ರವಾರದ ಫಾರ್ಮಿನ ಮೇಲೆ ಅಡ್ಡಗೆರೆ ಎಳೆದರು. ಕ್ಯಾಪ್ಟನ್ ಹೊರಟುಹೋದ. ಬುಧವಾರ ಹಗಲೇ ದಕ್ಷಿಣದ ಅಲೆ ತೋರಿಸಿದವನು ಅವನು. ಅವನಿಗೆ ತಿಳಿಯಿತೆಂದೇ ನನ್ನ ಅನುಮಾನ.

ಶುಕ್ರವಾರ ಬೆಳಗಾಯಿತು ನೋಡಿ, ಅಂಥ ದಿನ ಆ ತಿಂಗಳಲ್ಲೇ ಇರಲಿಲ್ಲ. ಮಂಜಿಲ್ಲ, ಗಾಳಿಯಿಲ್ಲ, ಕಡಲು ಎಣ್ಣೆ ಹಚ್ಚಿದ ಹಾಗೆ. ಸ್ವಯಂಸೇವಕರು ಕಿಟಕಿಯ ಹೊರಗೆ ನೋಡುತ್ತಿದ್ದರು, ಆಮೇಲೆ ನನ್ನ ಕಡೆ. ಡಾಕ್ಟರು ನನ್ನ ಮೇಜಿನ ಮುಂದೆ ಎರಡು ಸಲ ಹಾದುಹೋದರು, ನಿಲ್ಲಲಿಲ್ಲ. ನಾನೇ ತಪ್ಪಿದೆನೇನೋ ಎಂದು ಹತ್ತು ಸಲ ಅನ್ನಿಸಿತು. ತಪ್ಪಿದ್ದರೆ ಒಳ್ಳೆಯದಿತ್ತು ಎಂದೂ ಅನ್ನಿಸಿತು. ಆಗ ಆರು ಮರಿಗಳೂ ಚೆನ್ನಾಗಿರುತ್ತಿದ್ದವು. ಸಂಜೆಯ ಹೊತ್ತಿಗೆ ದಿಗಂತದಲ್ಲಿ ಕಂದು ಬಣ್ಣದ ಪಟ್ಟಿಯೊಂದು ಎದ್ದಿತು. ಕಡಲ ಹಕ್ಕಿಗಳು ಬಂದರಿನ ಒಳಗೆ ಬಂದು ಹಾಯಿದೋಣಿಗಳ ಮೇಲೆ ಸಾಲಾಗಿ ಕೂತವು.

ಶನಿವಾರ ಮಧ್ಯಾಹ್ನ ದಕ್ಷಿಣದಿಂದ ಬಂದದ್ದು ಬಿರುಗಾಳಿ ಎಂಬ ಪದಕ್ಕೂ ಮೀರಿದ್ದು. ನಮ್ಮ ಅಪಾರ್ಟ್‌ಮೆಂಟಿನ ಎದುರಿನ ನೀಲಗಿರಿ ಮರ ಎರಡು ಕಾರುಗಳ ಮೇಲೆ ಬಿತ್ತು, ಕರೆಂಟು ಹೋಯಿತು. ನಾನು ಫೋನಿನ ಬ್ಯಾಟರಿ ಮುಗಿಯುವವರೆಗೆ ಆ ಆರು ಗೆರೆಗಳನ್ನೇ ನೋಡುತ್ತಿದ್ದೆ. ಮಗಳು ಬಂದು "Amma, are they coming home?" ಎಂದು ಕೇಳಿದಳು. ಏನು ಹೇಳಲಿ? ಹೂಂ ಅಂದೆ.

ಭಾನುವಾರ ಗಾಳಿ ಇಳಿದ ಮೇಲೆ ಗುಡ್ಡದ ರಸ್ತೆಯಲ್ಲಿ ಬಿದ್ದ ಕೊಂಬೆಗಳನ್ನು ಸುತ್ತಿಕೊಂಡು, ಕಾಕಾನನ್ನೂ ಕರೆದುಕೊಂಡು ಕಡಲಿಗೆ ಹೋದೆ. ದಡದ ಉದ್ದಕ್ಕೂ ಕಡಲಪಾಚಿ ಮೊಣಕಾಲೆತ್ತರ ರಾಶಿ ಬಿದ್ದಿತ್ತು. ಆ ರಾಶಿಯನ್ನು ಕಾಲಿನಿಂದ ಸರಿಸುತ್ತ ನಡೆಯಬೇಕು. ಮರಿಗಳು ಅದರೊಳಗೇ ಸುತ್ತಿಕೊಂಡಿರುತ್ತವೆ. ಮೊದಲು ಸಿಕ್ಕಿದ್ದು ಸೋಮವಾರ ಬಿಟ್ಟ ಮೂರರಲ್ಲಿ ಒಂದು, ಆಗಲೇ ಸತ್ತಿತ್ತು. ಇನ್ನೊಂದು ಮೈಲಿ ಉತ್ತರಕ್ಕೆ, ಬಂಡೆಯ ಸಂದಿನಲ್ಲಿ, ಕತ್ತು ಎತ್ತಿಕೊಂಡು ಕೂತದ್ದು ಸಾವ್ಕಾರ.

ಕಾಕಾ ಓಡಿದರು. ಎಪ್ಪತ್ತರ ಹತ್ತಿರದ ಮನುಷ್ಯ ಆ ಜಾರುಬಂಡೆಯ ಮೇಲೆ ಹಾಗೆ ಓಡಿದ್ದನ್ನು ನೋಡಿ ನನಗೆ ಜೀವ ಬಾಯಿಗೆ ಬಂತು. ಹತ್ತಿರ ಹೋದವರು ನಿಯಮ ನೆನಪಾಗಿ ಬಾಯಿಗೆ ಕೈ ಅಡ್ಡ ಹಿಡಿದರು. ಒಂದು ಮಾತೂ ಆಡದೆ ಟವೆಲ್ಲು ಹಾಕಿ ಎತ್ತಿಕೊಂಡರು. ಮರಿ ಕಚ್ಚಲಿಲ್ಲ. ಕಚ್ಚದ ಫರ್ ಸೀಲ್ ಮರಿ ಎಂದರೆ ಕೆಟ್ಟ ಲಕ್ಷಣ.

ಆಸ್ಪತ್ರೆಯ ಗೇಟಿನಲ್ಲಿ ಆಗಲೇ ಮೂರು ಗಾಡಿ ನಿಂತಿದ್ದವು. ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಹೊಸ ಮರಿ ಬಂದವು, ನಾವು ಬಿಟ್ಟವುಗಳಲ್ಲಿ ಉಳಿದ ನಾಲ್ಕು ಅವುಗಳ ನಡುವೆ ಇರಲಿಲ್ಲ. ತೊಟ್ಟಿಗಳಲ್ಲಿ ನಾನು ನಿಲ್ಲಿಸಿದ ಆ ಏಳು ಮೈತುಂಬಿಕೊಂಡು ಈಜುತ್ತಿದ್ದವು. ಡಾಕ್ಟರು ಸಾವ್ಕಾರನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು, ಎದೆಯೊಳಗೆ ನೀರು ಹೋಗಿದೆ ಎಂದರು. ಜಾಗವಿಲ್ಲದೆ ಟವೆಲ್ಲು ಒಗೆಯುವ ಕೋಣೆಯಲ್ಲಿ, ಬಟ್ಟೆ ಒಣಗಿಸುವ ಯಂತ್ರದ ಬೆಚ್ಚಗಿನ ಪಕ್ಕದಲ್ಲಿ ಅದರ ಪೆಟ್ಟಿಗೆ ಇಟ್ಟೆವು. ಕಾಕಾ ಮಗಳಿಗೆ ಫೋನು ಮಾಡಿ, ಎರಡು ದಿನ ಬರುವುದಿಲ್ಲ ಎಂದು ಹೇಳಿ ಅಲ್ಲೇ ಒಂದು ಸ್ಟೂಲು ಹಾಕಿಕೊಂಡರು.

ಸೋಮವಾರ ಗಾಳಿ ತಿರುಗಿ ವಾಯವ್ಯದಿಂದ ಬೀಸತೊಡಗಿತು. ಮರಿ ಬಿಡಲು ಹೇಳಿ ಮಾಡಿಸಿದ ಗಾಳಿ. ಆದರೆ ಬಂದರಿನ ಬಾಯಲ್ಲಿ ಇನ್ನೂ ಅಲೆ ಒಡೆಯುತ್ತಿತ್ತು, ಬೋಟು ಹೊರಡುವಂತಿರಲಿಲ್ಲ. ಕ್ಯಾಪ್ಟನ್ ಮೂರು ಸಲ ಹೋಗಿ ನೋಡಿ ಮೂರು ಸಲ ತಲೆಯಾಡಿಸಿದ. ಆ ಇಡೀ ದಿನ ನಾನು ಪ್ರೋಗ್ರಾಮು ಬದಲಾಯಿಸಿದೆ. ಆರು ಗಂಟೆ ಸಿಗ್ನಲ್ ಬಾರದಿದ್ದರೆ ಚುಕ್ಕೆ ಕೆಂಪಾಗುವಂತೆ, ಜರಡಿ ಎಸೆದದ್ದೂ ಬೂದು ಬಣ್ಣದಲ್ಲಿ ಕಾಣುವಂತೆ. ನಡುನಡುವೆ ಒಗೆಯುವ ಕೋಣೆಗೆ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಯಂತ್ರದ ಸದ್ದಿನ ಮೇಲೂ ಮರಿಯ ಉಸಿರು ಕೇಳುತ್ತಿತ್ತು. ಹೇಳಿಬಿಡಬೇಕು ಎಂದುಕೊಂಡು ಹೋಗುವುದು, ಅಲ್ಲಿ ಮಾತಾಡಬಾರದಲ್ಲ ಎಂಬ ನೆಪ ಹಿಡಿದು ವಾಪಸು ಬರುವುದು. ಹೀಗೆ ನಾಲ್ಕು ಸಲ ಆಯಿತು.

ಮಂಗಳವಾರ ಬೆಳಿಗ್ಗೆ ಬಂದರಿನ ಬಾಯಿ ತೆರೆಯಿತು. ಈ ಸಲ 'ಹೋಗಬಹುದು' ಎಂದು ಬರೆಯುವ ಮೊದಲು ಗಾಳಿಯ ಲೆಕ್ಕ, ಅಲೆಯ ದಿಕ್ಕು, ಜರಡಿಯ ಕಸ ಎಲ್ಲ ನೋಡಿದೆ, ಕೊನೆಗೆ ಕ್ಯಾಪ್ಟನ್ನನನ್ನೇ ಕೇಳಿದೆ. "ಈಗ ಸರಿ," ಎಂದ ಅವನು, ಅಷ್ಟೇ. ನಲವತ್ತು ಕಿಲೋಮೀಟರ್ ಹೊರಗೆ, ಚಳಿಗಾಳಿ ಬಲಗೆನ್ನೆಗೆ ಹೊಡೆಯುತ್ತಿರುವಾಗ, ಪೆಟ್ಟಿಗೆಗಳ ಬಾಗಿಲು ತೆಗೆದೆವು. ಏಳೂ ಮರಿ ಹಿಂದಿರುಗಿ ನೋಡದೆ ಹೋದವು. ನಾಲ್ಕು ವಾರವಾದರೂ ಐದು ಟ್ಯಾಗುಗಳು ಹೊರಗಡಲಿನಿಂದ ಸಿಗ್ನಲ್ ಕಳಿಸುತ್ತಿದ್ದವು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಆ ಸಮಾಧಾನ ಓದುವವರಿಗಾದರೂ ಇರಲಿ.

ಎರಡು ಗಂಟೆಗೆ ಬೋಟು ದಡಕ್ಕೆ ಬಂದಾಗ ಕಾಕಾ ಕಟ್ಟೆಯ ಮೇಲೆ ನಿಂತಿದ್ದರು. ಕೈಯಲ್ಲಿ ಒಂದು ಫಾರ್ಮು, ಅದರ ಮೇಲೆ ಗಾಳಿಗೆ ಹಾರದಂತೆ ಸಾವ್ಕಾರನ ಟ್ಯಾಗು ಒತ್ತಿ ಹಿಡಿದಿದ್ದರು.

"ಏಳೂ ಹೋದುವೇನವಾ?"

"ಹೋದವು ಕಾಕಾ."

"ಚಲೋ ಆತು." ಫಾರ್ಮನ್ನು ನನ್ನ ಕಡೆ ಚಾಚಿದರು. "ಇದು ಹತ್ತಕ್ಕ ಹೋತು. ಡಾಕ್ಟರ್‌ಬಾಯಿ ಎಲ್ಲಾ ಬರದಾರ. ಒಂದ ಜಾಗ ನಿನಗ ಬಿಟ್ಟಾರ."

ಸತ್ತ ಪ್ರತಿ ಪ್ರಾಣಿಗೂ ಅಂಥದೊಂದು ಫಾರ್ಮು. ಕೊನೆಯ ಸಾಲು ನನ್ನದು: ಬಿಡುವಾಗ ಗಾಳಿ ಹೇಗಿತ್ತು, ನಕ್ಷೆ ಏನು ಹೇಳುತ್ತಿತ್ತು. ಪೆನ್ನು ಹಿಡಿದೆ, ಬರೆಯಲಾಗಲಿಲ್ಲ.

"ಕಾಕಾ, ನಾನು ಮೀಟಿಂಗಲ್ಲಿ ಸುಳ್ಳು ಹೇಳಿದೆ. ಬುಧವಾರ ರಾತ್ರಿಯಿಂದ ಅಲ್ಲ. ಸಾವ್ಕಾರನ್ನ ಬಿಡೋ ಹಿಂದಿನ ದಿನವೇ ನಕ್ಷೆ ಕೆಟ್ಟಿತ್ತು. ದಕ್ಷಿಣದ ಗಾಳಿ ಆಗಲೇ ಶುರುವಾಗಿತ್ತು. ಅವನು ಪೆಟ್ಟಿಗೆ ಬಿಟ್ಟು ಹೋಗಲ್ಲ ಅಂತ ಒಳಗೆ ಹೋಗಿ ಕೂತಿದ್ದ. ನಾನೇ ವಾಲಿಸಿ ಕೆಡವಿದೆ."

ಕಾಕಾ ನನ್ನ ಮುಖ ನೋಡಲಿಲ್ಲ. ಬೋಟಿನಲ್ಲಿ ಕ್ಯಾಪ್ಟನ್ ಹಗ್ಗ ಸುತ್ತುತ್ತಿದ್ದ. ಅವನಿಗೆ ಕನ್ನಡ ಬಾರದು, ಆದರೂ ಕೈ ನಿಲ್ಲಿಸಿ ನಿಂತ. ಕಾಕಾ ಬೈಯುತ್ತಾರೆಂದು ಕಾದೆ. ಹೋಗಲಿ ಬಿಡು ಎನ್ನುತ್ತಾರೆಂದೂ ಒಂದು ಮೂಲೆಯಲ್ಲಿ ಕಾದೆ. ಎರಡನ್ನೂ ಅನ್ನಲಿಲ್ಲ. ಟ್ಯಾಗು ಜೇಬಿಗೆ ಹಾಕಿಕೊಂಡು, ನಾನು ಬರೆಯಲು ಅನುಕೂಲವಾಗಲೆಂದು ಫಾರ್ಮಿನ ಎರಡೂ ತುದಿಯನ್ನು ಬೋಟಿನ ಕಟಕಟೆಯ ಮೇಲೆ ಎರಡು ಕೈಯಲ್ಲಿ ಒತ್ತಿ ಹಿಡಿದರು.

"ಎಷ್ಟು ತಾಸಿಗೆ ಆರಿತ್ತು ದೀಪ?"

"ಮಂಗಳವಾರ ಸಂಜೆ. ಐದು ಹತ್ತು."

"ಬರಿ ಮತ್ತ," ಎಂದರು.